ಚಿಪ್ಪಿಗೆ ಬೇಕಾದ ಬೆಳಕು

ಹಾಸನ
17-1-1999

ಮೇಷ್ಟ್ರಿಗೆ ಮೋಹನ್‌ಕುಮಾರನ ನಮಸ್ಕಾರ.

ನಿಮ್ಮ ದೀಪದಲ್ಲಿ ಈಗ ಉರಿಯುತ್ತಿರುವ ಬಲ್ಬು ನೀವು ತಂದದ್ದಲ್ಲ, ನಾನು ಬದಲಾಯಿಸಿದ್ದು. ಮೂರು ವರ್ಷದಿಂದ ಇದನ್ನು ಯಾರಿಗೂ ಹೇಳಿಲ್ಲ. ಹೇಳದೆಯೇ ಇದ್ದುಬಿಡಬಹುದಿತ್ತು. ಆದರೆ ಸಂಕ್ರಾಂತಿಗೆ ಹಳ್ಳಿಮೈಸೂರಿಗೆ ಹೋದಾಗ ಚಿಕ್ಕಪ್ಪನ ಮಗಳು ಮೇಘಶ್ರೀ ಸಿಕ್ಕಿದಳು. ಚನ್ನರಾಯಪಟ್ಟಣದಲ್ಲಿ ಪಿಯುಸಿ ಓದುತ್ತಾ ನಿಮ್ಮ ಮನೆಗೆ ಫಿಸಿಕ್ಸ್ ಪಾಠಕ್ಕೆ ಬರುವ ಹುಡುಗಿ ಅವಳೇ. ನೀವು ರಿಟೈರಾದ ಮೇಲೆ ಮನೆಯಲ್ಲೇ ತೊಟ್ಟಿ ಇಟ್ಟು ಮತ್ತೊಂದು ಜೀವಂತ ಸಮುದ್ರದ ಚಿಪ್ಪು ಸಾಕಿದ್ದೀರಂತೆ. ಶಾಲೆಯಲ್ಲಿದ್ದ ದೀಪವನ್ನೇ ಅದರ ಮೇಲೆ ತೂಗುಹಾಕಿದ್ದೀರಂತೆ. ಹಾಗಿದ್ದರೆ ಈ ಚಿಪ್ಪೂ ಸಾಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಹೊಳೆನರಸೀಪುರದಲ್ಲಿ ನೀವು ನಮಗೆ ಹತ್ತನೇ ಕ್ಲಾಸಿಗೆ ವಿಜ್ಞಾನ ಹೇಳುತ್ತಿದ್ದಾಗ, 1995ರ ಡಿಸೆಂಬರ್ ರಜೆಗೆ ಪ್ರಯೋಗಾಲಯದ ಬೀಗದ ಕೈ ನನಗೆ ಕೊಟ್ಟು ಹೋಗಿದ್ದಿರಿ. ಅಲ್ಲಿ ತೊಟ್ಟಿಯಲ್ಲಿದ್ದ ಚಿಪ್ಪಿಗೆ ದಿನಾ ಬಂದು ದೀಪ ಹಾಕಬೇಕು, ಹತ್ತು ಗಂಟೆ ಉರಿಸಿ ಆರಿಸಬೇಕು, ಇಷ್ಟೇ ಕೆಲಸ. ಅದೇ ರಜೆಯಲ್ಲಿ ನಮ್ಮೂರಲ್ಲಿ ವಾಲಿಬಾಲ್ ಪಂದ್ಯ ಇತ್ತು. ಹೊತ್ತು ಮುಳುಗಿದ ಮೇಲೂ ಆಡಬೇಕಾಗಿ ಬಂತು. ನಿಮ್ಮ ದೀಪದಷ್ಟು ಬೆಳಕು ಕೊಡುವ ದೀಪ ಆ ಸುತ್ತಿನಲ್ಲಿ ಬೇರೆ ಇರಲಿಲ್ಲ. ನಾನೇ ತಂದು ಕಂಬಕ್ಕೆ ಕಟ್ಟಿದೆ. ಹಗ್ಗ ಜಾರಿತು. ಬಲ್ಬು ಒಡೆಯಿತು.

ಹೊಳೆನರಸೀಪುರದಲ್ಲಿ ಕೇಳಿದರೆ ನಿಮಗೆ ಸುದ್ದಿ ಮುಟ್ಟುತ್ತದೆಂದು ಅರಕಲಗೂಡಿಗೆ ಹೋದೆ. ಅಲ್ಲಿ ಬೀದಿದೀಪ ಮಾರುವ ಅಂಗಡಿಯವನು ಅದೇ ಗಾತ್ರದ, ಅದೇ ತಿರುಪಿನ ಬಲ್ಬು ಕೊಟ್ಟ. "ಇದೂ ಅಂಗೇ ಉರೀತದೆ, ತಕ್ಕೊಂಡೋಗು" ಅಂದ. ಹಾಕಿ ನೋಡಿದೆ, ಉರಿಯಿತು. ಕುತ್ತಿಗೆಯ ಮೇಲಿದ್ದ ಅಕ್ಷರಗಳನ್ನು ಕಲ್ಲಿಗೆ ಉಜ್ಜಿ ಅಳಿಸಿದೆ. ಈಗ ಇಳಿಸಿ ನೋಡಿ, ಅಲ್ಲಿ ಅಕ್ಷರ ಇರುವುದಿಲ್ಲ.

ಆಮೇಲೆ ಎರಡು ತಿಂಗಳು ಚಿಪ್ಪು ದಿನಾ ಒಂದಿಷ್ಟು ಕಡಿಮೆ ಬಾಯಿ ತೆರೆಯುತ್ತಾ ಬಂತು. ನೀವು ಉಪ್ಪು ಬದಲಾಯಿಸಿದಿರಿ, ನೀರು ಬದಲಾಯಿಸಿದಿರಿ. ಅದು ಸತ್ತ ದಿನ ಕ್ಲಾಸಿನಲ್ಲಿ ನಿಂತು "ಎಲ್ಲೋ ನನ್ನ ತಪ್ಪಾಗಿದೆ" ಅಂದಿರಿ. ನಾನು ಎರಡನೇ ಬೆಂಚಿನಲ್ಲಿದ್ದೆ. ಮಾರನೆಯ ಸೋಮವಾರದಿಂದ ನಾನು ಶಾಲೆಗೆ ಬರಲಿಲ್ಲ. ಗಣಿತಕ್ಕೆ ಹೆದರಿ ಬಿಟ್ಟ ಎಂದು ಎಲ್ಲರೂ ತಿಳಿದರು. ಗಣಿತಕ್ಕೆ ಹೆದರಿರಲಿಲ್ಲ.

ಈಗ ಹಾಸನದಲ್ಲಿ ಮಂಜುನಾಥ ಅನ್ನುವವರ ವಿಡಿಯೋ ಅಂಗಡಿಯಲ್ಲಿದ್ದೇನೆ. ಮದುವೆ ಮನೆಗಳಲ್ಲಿ ಲೈಟು ಹಿಡಿಯುವುದು ನನ್ನ ಕೆಲಸ. ದೀಪ ದೀಪಕ್ಕೂ ಎಷ್ಟು ವ್ಯತ್ಯಾಸ ಎಂದು ಇಲ್ಲಿ ಬಂದ ಮೇಲೆ ಗೊತ್ತಾಯಿತು. ಆ ಬಲ್ಬು ಕಣ್ಣಿಗೆ ಬೆಳಕು, ಚಿಪ್ಪಿಗೆ ಕತ್ತಲೆ. ದಯವಿಟ್ಟು ತೆಗೆದುಹಾಕಿ.

ಕ್ಷಮೆ ಕೇಳಲು ಬರೆದ ಪತ್ರವಲ್ಲ ಇದು. ಬಲ್ಬು ತೆಗೆದರೆ ಸಾಕು.

ಮೋಹನ್‌ಕುಮಾರ್


ಚನ್ನರಾಯಪಟ್ಟಣ
28-1-1999

ಮೋಹನ್‌ಕುಮಾರನಿಗೆ,

ನಿನ್ನ ಪತ್ರ ಬಂತು. ದೀಪ ಇಳಿಸಿ ಬಲ್ಬು ಬಿಚ್ಚಿದೆ. ನನ್ನ ಹೆಂಡತಿ ಸರಸಳಿಗೂ ತೋರಿಸಿದೆ. ಅಕ್ಷರವಿಲ್ಲ ಎಂದಳು.

1996ರ ನನ್ನ ಟಿಪ್ಪಣಿ ಪುಸ್ತಕದಲ್ಲಿ "ಉಪ್ಪಿನ ಪ್ರಮಾಣದಲ್ಲಿ ನನ್ನ ತಪ್ಪು" ಎಂದು ಬರೆದಿದ್ದೆ. ಅದನ್ನು ಹೊಡೆದುಹಾಕಿ ಪಕ್ಕದಲ್ಲಿ "ದೀಪ" ಎಂದು ಬರೆದಿದ್ದೇನೆ. ನಿನ್ನ ಹೆಸರು ಬರೆದಿಲ್ಲ. ನೀನು ಶಾಲೆ ಬಿಟ್ಟ ವಿಷಯ ಈ ಪತ್ರದಲ್ಲಿ ಬೇಡ.

ಈಗಿನ ಚಿಪ್ಪನ್ನು ನವೆಂಬರಿನಲ್ಲಿ ಮಗಳು ಶ್ರೀಗೌರಿ ತಂದುಕೊಟ್ಟಳು. ಅವಳು ಮಂಗಳೂರಿನಲ್ಲಿ ಮೀನುಗಾರಿಕೆ ಓದುತ್ತಿದ್ದಾಳೆ. ಸಮುದ್ರದ ನೀರು ಕ್ಯಾನುಗಳಲ್ಲಿ ಮಂಗಳೂರು ಬಸ್ಸಿನ ಟಾಪಿನ ಮೇಲೆ ಬರುತ್ತದೆ. ಚಿಪ್ಪು ಅಂಗೈಯಷ್ಟಗಲ ಇದೆ. ಅಂಚಿನ ಮಾಂಸ ನೀಲಿ, ಮೇಲೆ ಹಸಿರು ಚುಕ್ಕೆ ಎಂದು ಅವಳು ಹೇಳಿದ್ದಳು. ನನಗೆ ಬಂದಾಗಿನಿಂದಲೂ ಕಂದು ಬಣ್ಣವೇ. ಬೆಳಕು ಸಾಲದೆ ಬಣ್ಣ ಕಳೆದುಕೊಂಡಿದೆ ಎಂದೇ ನಾನೂ ತಿಳಿದಿದ್ದೆ. ಕಾರಣ ನಿನ್ನ ಪತ್ರದಲ್ಲಿ ಸಿಕ್ಕಿತು.

ಕ್ಲಾಸಿನಲ್ಲಿ ಹೇಳಿದ್ದು ನಿನಗೆ ನೆನಪಿರಬಹುದು. ಅದರ ಮಾಂಸದೊಳಗೆ ಕಣ್ಣಿಗೆ ಕಾಣದ ಪಾಚಿ ಇದೆ. ಬೆಳಕು ಬಿದ್ದರೆ ಪಾಚಿ ಆಹಾರ ಮಾಡುತ್ತದೆ, ಚಿಪ್ಪು ಅದನ್ನು ತಿನ್ನುತ್ತದೆ. ತನ್ನ ಮೈಯಲ್ಲೇ ಬೇಸಾಯ ಮಾಡುವ ಪ್ರಾಣಿ ಎಂದಾಗ ನಿಮ್ಮಲ್ಲೊಬ್ಬ "ಉಳೋದೆಲ್ಲಿ ಸಾ?" ಎಂದು ಕೇಳಿದ್ದ. ಅದು ನೀನೇ ಇರಬೇಕು. ಸರಸ ಮೊದಲು ಮಾಂಸದ ವಸ್ತು ನಡುಮನೆಗೆ ಬರಕೂಡದು ಎಂದಿದ್ದಳು. ಬರೀ ಬೆಳಕು ತಿಂದು ಬದುಕುತ್ತದೆಂದು ತಿಳಿದ ಮೇಲೆ ನಮ್ಮ ಏಕಾದಶಿಗಿಂತ ಇದರದ್ದೇ ಕಠಿಣ ಎಂದು ಒಪ್ಪಿದಳು.

ಬೇಕಾದದ್ದು 250 ವ್ಯಾಟಿನ ಮೆಟಲ್ ಹ್ಯಾಲೈಡ್ ಬಲ್ಬು, ನಡುಮಧ್ಯಾಹ್ನದ ಬಿಸಿಲಿನಂಥ ಬಿಳಿ ಬೆಳಕಿನದು. ಬೆಂಗಳೂರಿನಲ್ಲಿ ಸಿಗುತ್ತದೆ. ನಿನ್ನ ಅಂಗಡಿಯವರು ಯಾರಾದರೂ ಅತ್ತ ಹೋದರೆ ತರಿಸು. ಅಲ್ಲಿಯವರೆಗೆ ಟ್ಯೂಬ್‌ಲೈಟುಗಳಲ್ಲೇ ನಡೆಸುತ್ತೇನೆ.

ವೆಂಕಟರಾಮಯ್ಯ


ಹಾಸನ
21-2-1999

ಮೇಷ್ಟ್ರಿಗೆ ನಮಸ್ಕಾರ.

ಬಲ್ಬು ಬಂದಿದೆ. ಕ್ಯಾಮರಾ ರಿಪೇರಿಗೆ ಬೆಂಗಳೂರಿಗೆ ಹೋಗಿದ್ದ ಮಂಜಣ್ಣನೇ ತಂದುಕೊಟ್ಟರು. ಹತ್ತಿಯಲ್ಲಿ ಸುತ್ತಿ, ಬೂಟಿನ ಡಬ್ಬಿಯಲ್ಲಿಟ್ಟು, ನಿಮ್ಮೂರಿನ ಪ್ರೈವೇಟ್ ಬಸ್ಸಿನ ಕಂಡಕ್ಟರ್ ರಾಮಣ್ಣನ ಕೈಯಲ್ಲಿ ನಾಳೆ ಕಳಿಸುತ್ತೇನೆ. ಕುತ್ತಿಗೆಯ ಮೇಲಿನ ಅಕ್ಷರ ದಯವಿಟ್ಟು ಓದಿ ನೋಡಿ. ನಾನು ಮುಟ್ಟಿಲ್ಲ.

ಮಂಜಣ್ಣನಿಗೆ ಎಲ್ಲ ಹೇಳಬೇಕಾಯಿತು. "ಏನ್ಲಾ, ಧಾರೆ ಒತ್ತಿಗೆ ಲೈಟ್ ಹಿಡಿ ಅಂದ್ರೆ ಆಕಳಿಸ್ತೀಯ, ಕಪ್ಪೆಚಿಪ್ಪಿಗೆ ಲೈಟ್ ಹಿಡಿಯಾಕೆ ಇಂಗೆ ಒದ್ದಾಡ್ತೀಯಲ್ಲ" ಅಂದರು. ನಮ್ಮ ಕಡೆ ಕಪ್ಪೆಚಿಪ್ಪೆಂದರೆ ಗೊರೂರಿನ ಹೊಳೆದಡದಲ್ಲಿ ಆರಿಸಿ, ಕಲ್ಲಿಗೆ ಉಜ್ಜಿ ತೂತು ಮಾಡಿ, ಮಾವಿನಕಾಯಿ ಸಿಪ್ಪೆ ಹೆರೆಯುವುದಕ್ಕೆ. ಅದಕ್ಕೆ ಬೆಂಗಳೂರಿನಿಂದ ಬಲ್ಬು ತರಿಸುವವರಿದ್ದಾರೆಂದು ಅವರು ನಂಬಲೇ ಇಲ್ಲ.

ಹೊಸ ಬೆಳಕನ್ನು ಒಂದೇ ಸಲ ಕೊಟ್ಟರೆ ಚಿಪ್ಪು ಸುಟ್ಟು ಬಿಳಿಚಿಕೊಳ್ಳುತ್ತದೆ ಎಂದು ನೀವೇ ಹೇಳುತ್ತಿದ್ದಿರಿ. ನನಗೊಂದು ಉಪಾಯ ತೋಚಿದೆ. ಹಳೆಯ ಸೊಳ್ಳೆಪರದೆಯನ್ನು ನಾಲ್ಕು ಪದರ ಮಡಿಸಿ ತೊಟ್ಟಿಯ ಮೇಲೆ ಹಾಸಿ. ವಾರಕ್ಕೊಂದು ಪದರ ತೆಗೆಯಿರಿ. ಸರಪಳಿಯಲ್ಲಿ ತೂಗುವ ದೀಪ ನೀರಿನಿಂದ ಹದಿನೆಂಟು ಅಂಗುಲ ಎತ್ತರಕ್ಕೇ ಇರಲಿ.

ನಮ್ಮ ಕೆಲಸದಲ್ಲೂ ಇಂಥದ್ದೊಂದು ಕ್ರಮವಿದೆ. ಯಾವ ಮದುವೆ ಮನೆಗೆ ಹೋದರೂ ಮೊದಲು ನಾನೊಂದು ಬಿಳಿ ರಟ್ಟು ಹಿಡಿದು ನಿಲ್ಲಬೇಕು. ಕ್ಯಾಮರಾಕ್ಕೆ ತಾನಾಗಿ ಬಿಳಿ ಯಾವುದೆಂದು ಗೊತ್ತಾಗುವುದಿಲ್ಲ. ರಟ್ಟು ತೋರಿಸಿ, ಈ ಬೆಳಕಿನಲ್ಲಿ ಇದು ಬಿಳಿ ಎಂದು ಹೇಳಿಕೊಡಬೇಕು. ಮರೆತರೆ ಮದುಮಗಳಿಗೆ ಕಾಮಾಲೆಯಾದಂತೆ ಕಾಣುತ್ತದೆ. ಒಂದು ಸಲ ಮರೆತು ಬೈಸಿಕೊಂಡಿದ್ದೇನೆ.

ಮೋಹನ್‌ಕುಮಾರ್


ಚನ್ನರಾಯಪಟ್ಟಣ
8-4-1999

ಮೋಹನ್‌ಕುಮಾರನಿಗೆ,

ತಡವಾಗಿ ಬರೆಯುತ್ತಿದ್ದೇನೆ. ಅಕ್ಷರ ದೊಡ್ಡದಾಗಿದ್ದರೆ, ಸಾಲು ಓರೆಯಾಗಿದ್ದರೆ ಗಮನಿಸಬೇಡ. ಅಂಚೆ ಕಚೇರಿಯಲ್ಲಿ ಈಗ ಕೊಡುವ ಇನ್‌ಲ್ಯಾಂಡಿನ ಕಾಗದ ಕಳಪೆ, ಶಾಯಿ ನಿಲ್ಲುವುದಿಲ್ಲ. ಪತ್ರಿಕೆಗಳ ಮುದ್ರಣವೂ ಹಾಗೇ ಆಗಿದೆ.

ಸೊಳ್ಳೆಪರದೆಯ ಉಪಾಯ ಒಳ್ಳೆಯದು. ಹಾಗೆಯೇ ಮಾಡಿದೆ. ಪದರಗಳೆಲ್ಲ ತೆಗೆದು ಎರಡು ವಾರವಾಯಿತು. ಮೇಘಶ್ರೀ ಬಲ್ಬಿನ ಕುತ್ತಿಗೆ ಓದಿ ಹೇಳಿದ್ದಳು. ಅಕ್ಷರ ಸರಿಯಾಗಿದೆ. ಬೆಳಕು ಸರಿಯಾಗಿಲ್ಲ.

ನಡುಮಧ್ಯಾಹ್ನದ ಬಿಳುಪು ಎಂದು ನಾನು ಬರೆದಿದ್ದೆ. ಇದು ಸಂಜೆ ಬಿಸಿಲಿನ ಹಾಗೆ ಹಳದಿ. ಮಂಕು ಬೇರೆ. ಚಿಪ್ಪು ಇನ್ನೂ ಕಂದಾಗಿಯೇ ಇದೆ, ನೀಲಿಯ ಸುಳಿವಿಲ್ಲ. ಬಲ್ಬು ನಿಜವಾಗಿ ಹೊಸದೇ? ಎಲ್ಲಿಂದ, ಯಾರಿಂದ ತಂದದ್ದು? ನೀನು ಡಬ್ಬಿ ತೆರೆದಾಗ ಸೀಲು ಇತ್ತೇ? ಕೇಳುವುದು ನನ್ನ ಧರ್ಮ, ಕೇಳುತ್ತಿದ್ದೇನೆ. ಹಿಂದೊಮ್ಮೆ ಕೇಳದೆ ಉಪ್ಪಿನ ಮೇಲೆ ತಪ್ಪು ಹೊರಿಸಿದ್ದೆ.

ಸದ್ಯಕ್ಕೆ ಸರಪಳಿಯನ್ನು ಆರು ಅಂಗುಲ ಇಳಿಸಿದ್ದೇನೆ. ಬೆಳಕು ಸಾಲದಿದ್ದರೆ ಹತ್ತಿರ ತರಬೇಕು, ಬೇರೆ ದಾರಿಯಿಲ್ಲ.

ವೆಂಕಟರಾಮಯ್ಯ


ಹಾಸನ
19-4-1999

ಮೇಷ್ಟ್ರಿಗೆ,

ಬಲ್ಬು ಹೊಸದು. ಡಬ್ಬಿಗೆ ಸೀಲು ಇತ್ತು, ಅದನ್ನು ಬಿಚ್ಚಿದ್ದು ಮಂಜಣ್ಣ, ನನ್ನೆದುರಿಗೇ. ಐದು ನಿಮಿಷ ಉರಿಸಿ ನೋಡಿದೆವು. ನಮ್ಮ ಹ್ಯಾಲೋಜನ್‌ಗಳೇ ಅದರ ಮುಂದೆ ಹಳದಿ ಕಂಡವು.

ನೀವು ಕೇಳಿದ್ದು ತಪ್ಪಲ್ಲ. ಒಂದು ಸಲ ಮೋಸ ಮಾಡಿದವನ ಮಾತನ್ನು ತೂಗಿ ನೋಡಲೇಬೇಕು. ಆದರೂ ಓದಿದ ಮೇಲೆ ಎರಡು ದಿನ ಕೆಲಸ ಓಡಲಿಲ್ಲ. ನಿನ್ನೆ ಅಕ್ಷಯ ತದಿಗೆಯ ಮದುವೆಯಲ್ಲಿ ಲೈಟನ್ನು ಪುರೋಹಿತರ ಮುಖಕ್ಕೇ ಹಿಡಿದು ನಿಂತಿದ್ದೆನಂತೆ. ಅವರು ಮಂತ್ರ ನಿಲ್ಲಿಸಿ ಬೈದರು.

ಒಂದು ಮಾತು ಕೇಳಿ. ದೀಪ ಇಳಿಸಬೇಡಿ. ಹದಿನೆಂಟಕ್ಕೇ ಏರಿಸಿ. ಆ ಬಲ್ಬು ಹನ್ನೆರಡು ಅಂಗುಲದಲ್ಲಿ ಬೆಂಕಿ ಇದ್ದ ಹಾಗೆ. ಮದುವೆ ಕಾಲ, ಒಂದು ದಿನವೂ ಬಿಡುವಿಲ್ಲ. ಮೇ ನಡುವಿನಲ್ಲಿ ಅಧಿಕ ಮಾಸ ಹುಟ್ಟಿದರೆ ಮದುವೆಗಳು ನಿಲ್ಲುತ್ತವೆ. ಆಗ ಬಂದು ಕಣ್ಣಾರೆ ನೋಡುತ್ತೇನೆ.

ಮೋಹನ್‌ಕುಮಾರ್


ಚನ್ನರಾಯಪಟ್ಟಣ
12-5-1999

ಮೋಹನ್‌ಕುಮಾರನಿಗೆ,

ನೀನು ಬರುವ ಮೊದಲೇ ಫಲ ಬಂದಿದೆ. ದೀಪವನ್ನು ಎಂಟು ಅಂಗುಲಕ್ಕೆ ಇಳಿಸಿದ್ದೆ, ನೀರು ಕಾಯದಂತೆ ಪಕ್ಕದಲ್ಲಿ ಸಣ್ಣ ಫ್ಯಾನು ಇಟ್ಟಿದ್ದೇನೆ. ಈಗ ಚಿಪ್ಪಿನ ನಡುವೆ ಚಿನ್ನದ ಬಣ್ಣ ಹುಟ್ಟಿದೆ. ಮೊದಲು ಕಡ್ಲೆಬೇಳೆಯಷ್ಟಿತ್ತು, ಈಗ ಎರಡು ಬೆರಳಿನಷ್ಟಗಲ. ಯಾವ ಪುಸ್ತಕದಲ್ಲೂ ಈ ಬಣ್ಣದ ಮಾತಿಲ್ಲ. ಶ್ರೀಗೌರಿಗೆ ಬರೆದು ತಿಳಿಸಬೇಕು.

ಬಲ್ಬಿನ ವಿಷಯದಲ್ಲಿ ನಿನ್ನ ಮೇಲೆ ಅನುಮಾನವಿಲ್ಲ. ಅಂಗಡಿಯವನು ಮಂಜುನಾಥನಿಗೆ ಮೋಸ ಮಾಡಿರಬೇಕು.

ಒಂದು ಭಾನುವಾರ ಬಾ. ಹುಡುಗರಿಗೆ ಪಾಠ ಇರುತ್ತದೆ, ಮುಗಿಯುವವರೆಗೆ ಕೂತಿರು.

ವೆಂಕಟರಾಮಯ್ಯ


ಹಾಸನ
24-5-1999

ಮೇಷ್ಟ್ರಿಗೆ ನಮಸ್ಕಾರ.

ಈ ಪತ್ರವನ್ನು ಅಮ್ಮನವರು ನಿಮಗೆ ಓದಿ ಹೇಳುತ್ತಾರೆಂದು ನನಗೆ ಗೊತ್ತು. ಅಮ್ಮ, ಒಂದು ಸಾಲನ್ನೂ ಬಿಡದೆ ಓದಿ.

ನಿನ್ನೆ ನಿಮ್ಮ ಮನೆಯಲ್ಲಿ ಉಪ್ಪಿಟ್ಟು ತಿಂದು, ಹೇಳಬೇಕಾದ್ದನ್ನು ಹೇಳದೆ ನಾಲ್ಕು ಗಂಟೆಯ ಬಸ್ಸು ಹತ್ತಿದೆ. ಪಾಠದ ಹುಡುಗರಿದ್ದರು, ಮೇಘಶ್ರೀ ಇದ್ದಳು. ಅವರ ಮುಂದೆ ಬಾಯಿ ಬರಲಿಲ್ಲ. ಮೂರು ವರ್ಷ ಒಂದು ಮಾತು ನುಂಗಿಕೊಂಡು ಏನಾಯಿತೆಂದು ನನಗೆ ಗೊತ್ತು. ಇನ್ನೊಂದನ್ನು ನುಂಗಲಾರೆ.

ಚಿಪ್ಪಿನ ನಡುವೆ ಇರುವುದು ಚಿನ್ನವಲ್ಲ. ಬಿಳಿ. ಸುಣ್ಣದ ಹಾಗೆ ಬಿಳಿ. ಬೆಳಕು ಹೆಚ್ಚಾಗಿ ಪಾಚಿ ಸತ್ತು ಬಿಳಿಚಿಕೊಂಡಿದೆ. ಅಂಚಿನಲ್ಲಿ ಮಾತ್ರ ನೀಲಿ ಉಳಿದಿದೆ, ಚೆನ್ನಾಗಿ ಕಾಣುವ ನೀಲಿ. ನಾನು ಕೈ ಅಡ್ಡ ಹಿಡಿದಾಗ ನೆರಳಿಗೆ ಮುಚ್ಚಿಕೊಂಡಿತು, ಆದರೆ ನಿಧಾನವಾಗಿ. ಇನ್ನೂ ಜೀವವಿದೆ.

ನಾನು ಚೀಲದಿಂದ ರಟ್ಟು ತೆಗೆದು ದೀಪದ ಕೆಳಗೆ ಹಿಡಿದು ಇದು ಯಾವ ಬಣ್ಣ ಎಂದು ಕೇಳಿದ್ದು ನಿಮಗೆ ನೆನಪಿದೆ. "ಹಳದಿ. ಅದನ್ನೇ ಅಲ್ಲವೇನೋ ನಾನು ಬರೀತಿರೋದು" ಅಂದಿರಿ. ಅದನ್ನೇ ಅಂಗಳಕ್ಕೆ ತಂದು ಬಿಸಿಲಿಗೆ ಹಿಡಿದೆ. "ಇಲ್ಲೂ ಹಳದೀನೇ. ನಿನ್ನ ರಟ್ಟೇ ಹಳೇದು ಕಣೋ" ಅಂದಿರಿ. ಹುಡುಗರು ನಕ್ಕರು. ಮೇಘಶ್ರೀ ನಗಲಿಲ್ಲ. ನಿಮ್ಮ ಹಿಂದೆ ಬಾಗಿಲಲ್ಲಿ ನಿಂತಿದ್ದ ಅಮ್ಮನವರು ಬೇಡ ಎಂದು ತಲೆಯಾಡಿಸಿದರು.

ರಟ್ಟು ಹಳೆಯದಲ್ಲ ಮೇಷ್ಟ್ರೇ. ಅದು ಬಿಳಿ. ಶನಿವಾರವಷ್ಟೇ ಅಂಗಡಿಯಲ್ಲಿ ಕ್ಯಾಮರಾಕ್ಕೆ ತೋರಿಸಿದ ರಟ್ಟು. ಬಲ್ಬೂ ಸರಿ, ಅಂಗಡಿಯವನೂ ಮೋಸ ಮಾಡಿಲ್ಲ. ನಿಮ್ಮ ಕಣ್ಣಿಗೆ ಪೊರೆ ಬಂದಿದೆ.

ನಮ್ಮಜ್ಜಿ ದೊಡ್ಡತಾಯಮ್ಮನಿಗೂ ಹೀಗೇ ಆಗಿತ್ತು. ಬಿಳಿ ಸೀರೆ ಒಗೆದು ತಂದರೆ ಅರಿಶಿಣದ ಕಲೆ ಹೋಗಿಲ್ಲವೆಂದು ಅಗಸರವಳಿಗೆ ಬೈಯುತ್ತಿತ್ತು. ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ಮೇಲೆ ಮನೆಗೆ ಬಂದು, "ಗ್ವಾಡೆಗೆ ಯಾವಾಗ್ಲಾ ನೀಲಿ ಒಡೆಸಿದ್ರಿ?" ಎಂದು ನನ್ನಪ್ಪನನ್ನು ಕೇಳಿತು. ಗೋಡೆ ನಾನು ಹುಟ್ಟಿದಾಗಿನಿಂದ ನೀಲಿಯೇ. ಪೊರೆ ಮೊದಲು ನೀಲಿಯನ್ನೇ ತಿನ್ನುತ್ತದೆ. ನಿಮ್ಮ ಚಿಪ್ಪು ನಿಮಗೆ ಕಂದಾಗಿ ಕಂಡದ್ದು ಅದಕ್ಕೇ. ಹೊಸ ಬಲ್ಬು ಬಂದ ಮೇಲೆ ಅದು ಹಸಿದಿರಲಿಲ್ಲ. ನೀವು ಹಸಿದಿದೆ ಎಂದುಕೊಂಡು ಬಡಿಸುತ್ತಲೇ ಹೋದಿರಿ.

ದೀಪವನ್ನು ಇವತ್ತೇ ಏರಿಸಿ. ಸೊಳ್ಳೆಪರದೆಯನ್ನು ಮತ್ತೆ ನಾಲ್ಕು ಪದರ ಹಾಸಿ. ಆಮೇಲೆ ಡಾಕ್ಟರ ಹತ್ತಿರ ಹೋಗಿ. ಈ ಮಾತಿಗೆ ನೀವು ಕೋಪಿಸಿಕೊಂಡು ಪತ್ರ ನಿಲ್ಲಿಸಬಹುದು. ನಿಲ್ಲಿಸಿದರೂ ದೀಪ ಏರಿಸಿ.

ಮೋಹನ್‌ಕುಮಾರ್


ಚನ್ನರಾಯಪಟ್ಟಣ
11-7-1999

ಮೋಹನನಿಗೆ ಸರಸಮ್ಮ ಮಾಡುವ ಆಶೀರ್ವಾದ.

ನೀನು ಆಮೇಲೆ ಬರೆದ ಎರಡು ಕಾರ್ಡುಗಳೂ ಬಂದವು. ಉತ್ತರ ಬರೆಯಲು ಇವರು ಹೇಳಲಿಲ್ಲ, ನನಗಾಗಿ ಬರೆಯಲು ಧೈರ್ಯ ಬರಲಿಲ್ಲ. ಈಗ ಹೇಳಿದ್ದಾರೆ, ಬರೆಯುತ್ತಿದ್ದೇನೆ.

ನಿನ್ನ ಪತ್ರವನ್ನು ಒಂದು ಸಾಲೂ ಬಿಡದೆ ಓದಿದೆ. ಬಿಡಬೇಕೆಂದು ಮನಸ್ಸಿತ್ತು, ನೀನು ಅಮ್ಮ ಎಂದು ಕರೆದು ಕಟ್ಟಿಹಾಕಿದ್ದೆ. ಓದಿ ಮುಗಿಸಿದರೆ ಇನ್ನೊಂದು ಸಲ ಓದು ಎಂದರು. ಓದಿದೆ. ಎದ್ದು ತೊಟ್ಟಿಯ ಹತ್ತಿರ ಹೋದರು.

"ನಡುವೆ ಇರೋದು ಯಾವ ಬಣ್ಣವೇ?"

"ಬಿಳಿ."

"ಯಾವಾಗಿನಿಂದ?"

"ಅಕ್ಷಯ ತದಿಗೆ ಆದಮೇಲಿಂದ."

"ನನಗೆ ಹೇಳಬಾರದಿತ್ತೇ?"

"ನೀವು ಚಿನ್ನ ಅಂದ್ರಿ. ನಾನು ಹೇಗೆ ಅಲ್ಲ ಅನ್ನಲಿ?"

ಇವರು ಸ್ಟೂಲು ಹತ್ತಿ, ಸರಪಳಿಯ ಕೊಂಡಿಗಳನ್ನು ಬೆರಳಲ್ಲೇ ಎಣಿಸಿ ದೀಪ ಏರಿಸಿದರು. ಅದು ನಮ್ಮ ಹಳೆಯ ಉಯ್ಯಾಲೆಯ ಸರಪಳಿ. ನಾನು ಸ್ಟೂಲು ಹಿಡಿದುಕೊಂಡಿದ್ದೆ.

ಮೋಹನ, ನನಗೆ ಗೊತ್ತಿತ್ತು. ಒಂದು ವರ್ಷದಿಂದ ಗೊತ್ತಿತ್ತು. ಪೇಪರು ನಾನು ಓದುತ್ತಿದ್ದೆ, ಮುದ್ರಣ ಕೆಟ್ಟಿದೆ ಎಂದರೆ ಹೌದು ಎನ್ನುತ್ತಿದ್ದೆ. ಹುಡುಗರ ಉತ್ತರ ಪತ್ರಿಕೆಗಳನ್ನು ಇವರು ನನ್ನಿಂದ ಓದಿಸಿ ಬಾಯಲ್ಲೇ ತಿದ್ದುತ್ತಿದ್ದರು. ಕಣ್ಣಿಲ್ಲದ ಮೇಷ್ಟ್ರೆಂದು ತಿಳಿದರೆ ಹುಡುಗರು ಬರುವುದು ನಿಲ್ಲುತ್ತದೆ, ಪಾಠ ಇಲ್ಲದಿದ್ದರೆ ಇವರು ಉಳಿಯುವುದಿಲ್ಲ ಎಂದು ನನಗೆ ಭಯ. ಇವರ ಭಯವೇ ಬೇರೆ. ಇವರ ಅಣ್ಣನಿಗೆ ಹಿಂದೆ ಆಪರೇಷನ್ ಆಗಿ ಇದ್ದಬದ್ದ ಕಣ್ಣೂ ಹೋಗಿತ್ತು. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡು ಅಚ್ಚುಕಟ್ಟಾಗಿ ಸಂಸಾರ ಮಾಡುತ್ತಿದ್ದೆವು.

ಮೊನ್ನೆ ಹಾಸನಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದೆವು. ನಿಮ್ಮ ಅಂಗಡಿಯ ಮುಂದೆಯೇ ಹೋದೆವು, ಬಾಗಿಲು ಹಾಕಿತ್ತು. ಎರಡೂ ಕಣ್ಣಿನ ಪೊರೆ ಮಾಗಿದೆ, ತಡಮಾಡಬೇಡಿ ಎಂದರು ಡಾಕ್ಟರು. ಮೈಸೂರಿನಲ್ಲಿ ಮಾಡಿಸಿಕೊಳ್ಳಲು ಇವರು ಒಪ್ಪಿದ್ದಾರೆ. ಮೇಘಶ್ರೀ ಹುಡುಗರಿಗೆಲ್ಲ ತಾನೇ ಹೇಳಿದಳಂತೆ. ಒಬ್ಬರೂ ಬಿಟ್ಟಿಲ್ಲ. ಬೋರ್ಡಿನ ಮೇಲೆ ಅವಳು ಬರೆಯುತ್ತಾಳೆ, ಇವರು ಹೇಳುತ್ತಾರೆ.

ಚಿಪ್ಪಿನ ಸಮಾಚಾರವನ್ನು ಇದ್ದದ್ದು ಇದ್ದಹಾಗೆ ಬರೆ ಎಂದು ಇವರ ಅಪ್ಪಣೆ. ಬಿಳಿ ಹರಡುವುದು ನಿಂತಿದೆ. ಅಂಚಿನಿಂದ ಒಳಕ್ಕೆ ಒಂದು ನೂಲಿನಷ್ಟು ಬಣ್ಣ ತಿರುಗಿ ಬಂದಿದೆಯೋ ಏನೋ, ನನಗೆ ಖಚಿತವಿಲ್ಲ. ದಿನಾ ಬೆಳಿಗ್ಗೆ ದೇವರ ದೀಪ ಹಚ್ಚಿದ ಮೇಲೆ ಇದರ ದೀಪ ಹಾಕುತ್ತೇನೆ.

ಸರಸ


ಚನ್ನರಾಯಪಟ್ಟಣ
8-8-1999

ಮೋಹನ್‌ಕುಮಾರನಿಗೆ,

ನಾನು ಹೇಳಿ ಮೇಘಶ್ರೀಯಿಂದ ಬರೆಸುತ್ತಿದ್ದೇನೆ.

ಹದಿನಾರನೇ ತಾರೀಖು ಮೈಸೂರಿನಲ್ಲಿ ಆಪರೇಷನ್. ಭಾನುವಾರ ಹೊರಡುತ್ತೇವೆ. ನಲವತ್ತು ದಿನ ಪ್ರಖರವಾದ ಬೆಳಕಿನ ಹತ್ತಿರ ಹೋಗಕೂಡದಂತೆ. ಅಷ್ಟು ದಿನವೂ ಅಲ್ಲೇ ಸರಸಳ ತಂಗಿಯ ಮನೆಯಲ್ಲಿರುತ್ತೇವೆ. ಚಿಪ್ಪಿಗೆ ದಿನಕ್ಕೆ ಹತ್ತು ಗಂಟೆ ಬೆಳಕು ಬೇಕು. ಹಗಲು ಕರೆಂಟು ಹೋದರೆ ಹೋದಷ್ಟು ಹೊತ್ತನ್ನು ಸಂಜೆ ತುಂಬಿಕೊಡಬೇಕು. ಪರದೆ ಈಗ ಮೂರು ಪದರ ಇದೆ, ಯಾವಾಗ ತೆಗೆಯಬೇಕೆಂದು ನೋಡಿ ನಿರ್ಧರಿಸಬೇಕು. ನೋಡುವವನಿಗೆ ಕಂಡದ್ದನ್ನು ಕಂಡಹಾಗೆ ಹೇಳುವ ಅಭ್ಯಾಸ ಇರಬೇಕು. ಮೇಘಶ್ರೀಗೆ ಹಾಸ್ಟೆಲಿನ ಕಟ್ಟುಪಾಡು. ನನಗೆ ಗೊತ್ತಿರುವ ಇನ್ನೊಬ್ಬ ನೀನು.

ಮನೆಯ ಬೀಗದ ಕೈಯನ್ನು ಕಂಡಕ್ಟರ್ ರಾಮಣ್ಣನ ಕೈಯಲ್ಲಿ ಕಳಿಸಿದ್ದೇನೆ. ಬರಲಾಗದಿದ್ದರೆ ಅವನ ಕೈಯಲ್ಲೇ ವಾಪಸು ಕಳಿಸು.

ನಡುಮನೆಯ ಕಪಾಟಿನ ಕೆಳಗಿನ ಸಾಲಿನಲ್ಲಿ ಹತ್ತನೇ ತರಗತಿಯ ಪುಸ್ತಕಗಳಿವೆ. ಓದು ಎಂದು ಹೇಳುತ್ತಿಲ್ಲ. ಇವೆ ಎಂದು ಹೇಳುತ್ತಿದ್ದೇನೆ.

ವೆಂಕಟರಾಮಯ್ಯ


ಹಾಸನ
13-8-1999

ಮೇಷ್ಟ್ರಿಗೆ, ಅಮ್ಮನವರಿಗೆ ನಮಸ್ಕಾರ.

ಬೀಗದ ಕೈ ತಲುಪಿತು. ಕಾಗದದಲ್ಲಿ ಸುತ್ತಿ, ಮೇಲೆ ನೂಲು ಕಟ್ಟಿತ್ತು. ರಾಮಣ್ಣ ಕೊಡುವಾಗ, "ಓದ್ಸಲ ಬಲ್ಬು, ಈ ಸಲ ಬೀಗದ ಕೈ, ಬರೋ ಸಲ ಮನೇನೇ ನನ್ ಬಸ್ಸಿಗೆ ಏರ್ತಾರೇನಪ್ಪಾ ನಿಮ್ ಮೇಷ್ಟ್ರು" ಅಂದರು. ನಾನು ಅಲ್ಲಿ ನೂಲು ಬಿಚ್ಚಲಿಲ್ಲ. ರೂಮಿಗೆ ಬಂದು ಬಿಚ್ಚಿದೆ. ಹೊಳೆನರಸೀಪುರದ ಬೀಗದ ಕೈಗಿಂತ ಇದು ಚಿಕ್ಕದು.

ನಿನ್ನೆಯಿಂದ ಶ್ರಾವಣ. ಮದುವೆಗಳು ಶುರು. ನಲವತ್ತು ದಿನ ರಜೆ ಎಂದರೆ ಮಂಜಣ್ಣ ಸುಮ್ಮನಿರಲಿಲ್ಲ. "ಶ್ರಾವಣದಾಗೆ ಲೈಟ್ ಬುಟ್ಟು ಕಪ್ಪೆಚಿಪ್ಪು ಕಾಯಕ್ಕೋಯ್ತೀಯೇನ್ಲಾ? ವಾಪಸ್ ಬಂದ್ರೆ ಕೆಲ್ಸ ಇರಾಕಿಲ್ಲ ಕಣ್ಲಾ" ಅಂದರು. ಇರದಿದ್ದರೆ ಬೇಡ ಎಂದೆ. ಸಂಜೆ ಅವರೇ ಕರೆದು ಬಿಳಿ ರಟ್ಟು ಕೊಟ್ಟರು. ನನಗೆ ಬೇರೆ ಇದೆ, ಇದು ನೀನೇ ಇಟ್ಟುಕೋ ಎಂದರು. ಕೆಲಸ ಇದೆಯೋ ಇಲ್ಲವೋ ಹೇಳಲಿಲ್ಲ, ನಾನೂ ಕೇಳಲಿಲ್ಲ.

ದಿನಾ ಒಂದು ಕಾರ್ಡು ಮೈಸೂರಿಗೆ ಬರೆಯುತ್ತೇನೆ. ಎಷ್ಟು ಗಂಟೆ ದೀಪ ಉರಿಯಿತು, ಎಷ್ಟು ಹೊತ್ತು ಕರೆಂಟು ಹೋಗಿತ್ತು, ಚಿಪ್ಪು ಎಷ್ಟು ತೆರೆದಿತ್ತು, ಬಿಳಿ ಎಷ್ಟಿದೆ, ನೀಲಿ ಎಷ್ಟಿದೆ. ಸತ್ತರೆ ಸತ್ತಿತೆಂದೇ ಬರೆಯುತ್ತೇನೆ. ಅಮ್ಮ, ಅದನ್ನೂ ಹಾಗೆಯೇ ಓದಿ ಹೇಳಿ. ಪಟ್ಟಿ ಬಿಚ್ಚಿದ ಮೇಲೆ ಕಾರ್ಡುಗಳನ್ನು ಮೇಷ್ಟ್ರು ತಾವೇ ಒಮ್ಮೆ ಓದಿಕೊಳ್ಳಲಿ. ನೀವು ಓದಿದ್ದಕ್ಕೂ ನಾನು ಬರೆದದ್ದಕ್ಕೂ ತಾಳೆ ನೋಡಲಿ.

ಹತ್ತನೇ ತರಗತಿಯ ಪುಸ್ತಕಗಳ ವಿಷಯ ಏನೂ ಹೇಳಲಾರೆ. ಓದುತ್ತೇನೆಂದು ಬರೆದು ಓದದಿದ್ದರೆ ಅದಕ್ಕೊಂದು ಬೇರೆ ಪತ್ರ ಬರೆಯಬೇಕಾಗುತ್ತದೆ.

ನೀವು ಹೊರಡುವ ಮೊದಲೇ ತಲುಪಿದರೆ ಅಮ್ಮನವರಿಂದ ಉಪ್ಪುನೀರಿನ ಕ್ಯಾನು ಯಾವುದು, ಕುಡಿಯುವ ನೀರಿನದು ಯಾವುದು ಎಂದು ಕೇಳಿ ತಿಳಿದುಕೊಳ್ಳಬಹುದು. ಈ ಪತ್ರವನ್ನು ಅಂಚೆಗೆ ಹಾಕಿದರೆ ಇದಕ್ಕಿಂತ ಮೊದಲು ನಾನೇ ಬಂದಿರುತ್ತೇನೆ. ಆದ್ದರಿಂದ ರಾಮಣ್ಣನ ಕೈಯಲ್ಲಿ ಸಂಜೆಯ ಬಸ್ಸಿಗೇ ಕೊಡುತ್ತಿದ್ದೇನೆ.

ನಾಳೆ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೊರಡುತ್ತೇನೆ.

ಮೋಹನ್‌ಕುಮಾರ್